ಐಸ್ ತೂತಿನ ಹತ್ತಿರ ಮೀನು ಬರಬೇಕಾದರೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಡಿಸೆಂಬರ್ ಬಂತೆಂದರೆ ಅಮೆರಿಕದ ಮಿನ್ನೆಸೋಟಾ ಕಡೆಯ ಓದುಗರ ಪತ್ರಗಳಿಗೆ ಮೀನಿನ ವಾಸನೆ ಅಂಟಿಕೊಳ್ಳುತ್ತದೆ. ಈ ಸಲ ಬಂದ ಪ್ರಶ್ನೆಗಳಲ್ಲಿ ಬಹುಪಾಲು ಒಂದೇ ವಿಷಯದ್ದು. ಕೆರೆ ಹೆಪ್ಪುಗಟ್ಟಿದೆ, ಐಸ್ ಕೊರೆದು ತೂತು ಮಾಡಿದ್ದೇವೆ, ಗಾಳ ಬಿಟ್ಟು ಕೂತಿದ್ದೇವೆ, ಮೀನಿನ ಸುಳಿವೇ ಇಲ್ಲ ಅಂತ. ಹಾಗಾಗಿ ಈ ಸಂಚಿಕೆಯ ಅಂಕಣ ಪೂರ್ತಿ ಅದಕ್ಕೇ. ಸಸ್ಯಾಹಾರಿಗಳು ಪುಟ ತಿರುವಬಹುದು. ಓದಿದರೂ ನಷ್ಟವಿಲ್ಲ, ಅಡುಗೆಯ ವಿಷಯ ಏನೂ ಬರೆದಿಲ್ಲ.

ಪ್ರಶ್ನೆ (ಮೇಪಲ್ ಗ್ರೋವ್‌ನ ಓದುಗರು): ಆಫೀಸಿನ ಗೆಳೆಯರ ಜೊತೆ ಹೋಗಿದ್ದೆ ಸರ್. ಬೆಳಗಿನಿಂದ ಮಧ್ಯಾಹ್ನದವರೆಗೆ ಒಂದೇ ತೂತಿನ ಮುಂದೆ ಕೂತೆ, ಒಂದು ಮೀನೂ ಮುಟ್ಟಲಿಲ್ಲ. ಸ್ವಲ್ಪ ಆಚೆ ಕೂತಿದ್ದ ಒಬ್ಬ ಅಜ್ಜ ಮಾತ್ರ ಒಂದಾದ ಮೇಲೊಂದು ಎಳೆಯುತ್ತಿದ್ದರು. ಮೀನನ್ನು ನನ್ನ ತೂತಿನ ಹತ್ತಿರ ಕರೆಸಿಕೊಳ್ಳಲು ಏನು ಹಾಕಬೇಕು?

ಉತ್ತರ: ಸದ್ಯಕ್ಕೆ ಏನೂ ಹಾಕಬೇಡಿ. ಎದ್ದು ಹೋಗಿ ಇನ್ನೊಂದು ತೂತು ಕೊರೆಯಿರಿ. ಅಜ್ಜನ ಕಾಲ ಬುಡದಲ್ಲೇ ಬೇಡ, ಇಲ್ಲಿ ಅದು ಮರ್ಯಾದೆ ಅಲ್ಲ. ಆದರೆ ಅದೇ ಆಳ, ಅದೇ ತರಹದ ತಳ ಇರುವ ಕಡೆ.

ತಮಾಷೆಗೆ ಹೇಳುತ್ತಿಲ್ಲ. ಹೊಸಬರೆಲ್ಲ ಕೇಳುವುದು ಇದನ್ನೇ, ಯಾವ ಎರೆ, ಯಾವ ಬಣ್ಣ, ಯಾವ ವಾಸನೆ ಅಂತ. ಚಳಿಗಾಲದ ಮೀನನ್ನು ದೂರದಿಂದ ಕರೆತರುವ ವಸ್ತು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಮೀನಿನ ಮೈ ನೀರಿನಷ್ಟೇ ತಣ್ಣಗಿರುತ್ತದೆ. ತಿಂದದ್ದು ಅರಗಲು ಬೇಸಿಗೆಗಿಂತ ಎಷ್ಟೋ ಜಾಸ್ತಿ ಹೊತ್ತು ಬೇಕು, ಹಸಿವೂ ಕಡಿಮೆ. ಹೀಗಿರುವಾಗ ನೂರು ಅಡಿ ಆಚೆ ಇರುವ ಒಂದು ಹುಳುವಿಗಾಗಿ ಈಜಿಕೊಂಡು ಬರುವುದು ಅದಕ್ಕೆ ಗಿಟ್ಟುವ ವ್ಯಾಪಾರವಲ್ಲ. ಹತ್ತಿಪ್ಪತ್ತು ಅಡಿಯೊಳಗೆ ಇದ್ದರೆ ಅದನ್ನು ನಿಮ್ಮ ಕಡೆ ತಿರುಗಿಸಬಹುದು. ಅದಕ್ಕಿಂತ ದೂರ ಇದ್ದರೆ ನೀವೇ ಹೋಗಬೇಕು. ಮಲೆನಾಡಿನವರಿಗೆ ಇದು ಬೇಗ ಹೊಳೆಯುತ್ತದೆ. ಮೊದಲ ಮಳೆಗೆ ಮೀನು ಹರಿವಿಗೆ ಎದುರಾಗಿ ಹತ್ತಿಕೊಂಡು ಬರುವಾಗ ಅಲ್ಲಿ ಯಾರೂ ಮೀನನ್ನು ಕರೆಯುತ್ತಾ ಕೂರುವುದಿಲ್ಲ, ಅದು ಏರುವ ದಾರಿಗೇ ಹೋಗಿ ಕೂಳಿ, ಅಂದರೆ ಬಿದಿರಿನ ಮೀನುಬುಟ್ಟಿ, ಇಟ್ಟು ಬರುತ್ತಾರೆ. ಇಲ್ಲೂ ಅಷ್ಟೇ, ದಾರಿ ಐಸಿನ ಅಡಿಯಲ್ಲಿರುವುದರಿಂದ ಕಣ್ಣಿಗೆ ಕಾಣದು.

ಮೀನು ಎಲ್ಲಿರುತ್ತದೆ ಅನ್ನುವುದು ಯಾವ ಮೀನು ಅನ್ನುವುದರ ಮೇಲೆ ನಿಂತಿದೆ. ಅಂಗೈಯಗಲದ ಬ್ಲೂಗಿಲ್ ಬೇಕಾದರೆ ಡಿಸೆಂಬರ್‌ನಲ್ಲಿ ಇನ್ನೂ ಹಸಿರಾಗಿರುವ ನೀರುಗಿಡಗಳ ಅಂಚು ಹುಡುಕಿ. ಅಲ್ಲಿ ಸಣ್ಣ ಹುಳುಹುಪ್ಪಟೆಯೂ ಇರುತ್ತವೆ, ಗಾಬರಿಯಾದರೆ ಅಡಗಲು ಜಾಗವೂ ಇರುತ್ತದೆ. ಗಿಡ ಸತ್ತು ಕಂದಾದ ಮೇಲೆ ಕೊಳೆಯುತ್ತಾ ನೀರಿನ ಆಮ್ಲಜನಕವನ್ನೇ ತಿನ್ನುತ್ತದೆ, ಮೀನು ಜಾಗ ಖಾಲಿ ಮಾಡುತ್ತದೆ. ಕ್ರಾಪಿ ಹಿಂಡು ನಡುಚಳಿಗಾಲದಲ್ಲಿ ಕೆರೆಯ ಆಳದ ಗುಂಡಿಗೆ ಇಳಿದು, ತಳಕ್ಕೂ ತಾಗದೆ ಐಸಿಗೂ ತಾಗದೆ ನಡುನೀರಿನಲ್ಲಿ ನಿಂತಿರುತ್ತದೆ. ಹಾಗಾಗಿ ತಳಕ್ಕೆ ಗಾಳ ಬಿಟ್ಟವನಿಗೆ ಅದು ಸಿಗುವುದಿಲ್ಲ. ಪರ್ಚ್ ಕೆಸರಿನ ಬಯಲಲ್ಲಿ ಅಡ್ಡಾಡುತ್ತದೆ, ಕೆಸರೊಳಗಿನ ಕೆಂಪು ಹುಳು ಅದಕ್ಕೆ ಪ್ರಿಯ. ಇನ್ನು ವಾಲೈ, ಇಲ್ಲಿಯವರಿಗೆ ದೇವರಂಥ ಮೀನು, 1965ರಿಂದ ಮಿನ್ನೆಸೋಟಾದ ರಾಜ್ಯ ಮೀನು ಅನ್ನುವ ಪಟ್ಟವೂ ಇದೆ. ಅದು ಹಗಲು ಆಳದಲ್ಲಿದ್ದು ಹೊತ್ತು ಮುಳುಗುವಾಗ ಕಲ್ಲುದಿಬ್ಬದ ಮೇಲಕ್ಕೆ, ಇಳಿಜಾರಿನ ಅಂಚಿಗೆ ಬೇಟೆಗೆ ಬರುತ್ತದೆ. ಮಂದ ಬೆಳಕಿನಲ್ಲಿ ಕಾಣುವಂತೆ ಅದರ ಕಣ್ಣಿನ ಹಿಂದೆ ಬೆಳಕನ್ನು ಮತ್ತೆ ಪ್ರತಿಫಲಿಸುವ ಪದರವಿದೆ. ಮಧ್ಯಾಹ್ನ ಒಂದು ಗಂಟೆಗೆ ವಾಲೈ ಬರಲಿಲ್ಲ ಅಂತ ಬೇಜಾರು ಮಾಡಿಕೊಳ್ಳುವವರು ಸಂಜೆ ನಾಲ್ಕಕ್ಕೆ ಗಂಟುಮೂಟೆ ಕಟ್ಟಿ ಮನೆಗೆ ಹೊರಡುತ್ತಾರೆ. ಅದು ಬರುವುದೇ ಆಗ.

ಕೆರೆಯ ಆಳದ ನಕ್ಷೆ ಡಿಎನ್‌ಆರ್, ಅಂದರೆ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯಲ್ಲಿ ಪುಕ್ಕಟೆ ಸಿಗುತ್ತದೆ. ಅದನ್ನು ನೋಡಿ, ಆಳ ಕಡಿಮೆ ಇರುವ ಕಡೆಯಿಂದ ಆಳದ ಕಡೆಗೆ ಸಾಲಾಗಿ ಏಳೆಂಟು ತೂತು ಕೊರೆಯಿರಿ. ಒಂದೊಂದರಲ್ಲೂ ಹತ್ತು ನಿಮಿಷ ನೋಡಿ, ಏನೂ ಇಲ್ಲದಿದ್ದರೆ ಮುಂದಿನದಕ್ಕೆ ನಡೆಯಿರಿ. ಕುರ್ಚಿಯ ಮೇಲೆ ಮೋಹ ಜಾಸ್ತಿ ಇಟ್ಟುಕೊಳ್ಳಬೇಡಿ.

ಪ್ರಶ್ನೆ (ಪ್ಲಿಮತ್‌ನಿಂದ): ಗಾಳದ ಕೋಲನ್ನು ಮೇಲೆ ಕೆಳಗೆ ಕುಣಿಸುವುದಕ್ಕೆ ಜಿಗ್ಗಿಂಗ್ ಅಂತಾರೆ. ಕೈ ಸೋಲುವವರೆಗೂ ಕುಣಿಸಿದೆ. ಜಾಸ್ತಿ ಕುಣಿಸಿದರೆ ಜಾಸ್ತಿ ಮೀನು ಬರುತ್ತವಾ?

ಉತ್ತರ: ಬರುತ್ತವೆ, ಬಂದು ನೋಡಿ ವಾಪಸ್ ಹೋಗುತ್ತವೆ. ಕುಣಿಸುವುದು ಮೀನಿಗೆ ಸುದ್ದಿ ಮುಟ್ಟಿಸಲು, ಅಷ್ಟೇ. ಕಚ್ಚಬೇಕಾದರೆ ಕೈ ನಿಲ್ಲಬೇಕು.

ಮೀನಿನ ಪಕ್ಕೆಯ ಉದ್ದಕ್ಕೂ ಕಿವಿರಿನ ಹತ್ತಿರದಿಂದ ಬಾಲದವರೆಗೆ ಒಂದು ಸಣ್ಣ ಗೆರೆ ಇರುತ್ತದೆ, ಮುಂದಿನ ಸಲ ಮೀನು ತಂದಾಗ ತೊಳೆಯುವ ಮೊದಲು ನೋಡಿ. ನೀರಿನ ಅಲುಗಾಟವನ್ನು ಹಿಡಿಯುವ ಅಂಗ ಅದು. ಐಸಿನ ಕೆಳಗೆ ಗಾಳಿ ಇಲ್ಲ, ಅಲೆ ಇಲ್ಲ, ನೀರು ನಿಂತಲ್ಲೇ ನಿಂತಿರುತ್ತದೆ. ಅಂಥ ಕಡೆ ಒಂದು ಸ್ಪೂನ್, ಅಂದರೆ ಕೊಕ್ಕೆ ಇರುವ ತಗಡಿನ ಹುಸಿ ಎರೆ, ಓಲಾಡುತ್ತಾ ಬಿದ್ದರೆ ಹತ್ತಿರದ ಮೀನಿಗೆ ಗೊತ್ತಾಗದೆ ಇರುವುದಿಲ್ಲ. ಸ್ವೀಡಿಷ್ ಪಿಂಪಲ್ ತರಹದ ಹಳೇ ಸ್ಪೂನುಗಳು ಹೊಳೆದೇ ಕೆಲಸ ಮಾಡುತ್ತವೆ. ಬಕ್‌ಶಾಟ್ ರ್‍ಯಾಟಲ್ ಸ್ಪೂನ್‌ನಂಥವುಗಳಲ್ಲಿ ಒಳಗೆ ಕಾಳು ಇದ್ದು ಗಲಗಲ ಸದ್ದು ಬರುತ್ತದೆ. ನೀರು ಕಲಕಿ ಮಬ್ಬಾಗಿದ್ದರೆ ಅಥವಾ ಐಸಿನ ಮೇಲೆ ಹಿಮ ಜಾಸ್ತಿ ಬಿದ್ದು ಒಳಗೆ ಕತ್ತಲಾಗಿದ್ದರೆ ನಾನು ಸದ್ದಿನದನ್ನೇ ಆರಿಸುತ್ತೇನೆ.

ಮಾಡುವ ಕ್ರಮ ಹೀಗೆ. ಸ್ಪೂನನ್ನು ತಳ ಮುಟ್ಟುವವರೆಗೆ ಬಿಡಿ. ದಾರ ಸಡಿಲವಾದಾಗ ತಳ ಬಂತು ಅಂತ ಲೆಕ್ಕ. ಈಗ ಒಂದೆರಡು ಅಡಿ ಮೇಲೆತ್ತಿ ಬಿಡಿ, ಮತ್ತೆ ಎತ್ತಿ ಬಿಡಿ. ಅದು ಓಲಾಡುತ್ತಾ ಬೀಳಲಿ, ದಾರ ಬಿಗಿ ಹಿಡಿದು ಇಳಿಸಬೇಡಿ. ನಾಲ್ಕೈದು ಸಲ ಹೀಗೆ ಮಾಡಿದ ಮೇಲೆ ತಳವನ್ನೇ ಟಕಟಕ ಕುಟ್ಟಿ. ಕೆಸರು ಮೇಲೆದ್ದು ಒಂದು ಸಣ್ಣ ಮೋಡ ಆಗುತ್ತದೆ. ಇನ್ನೊಂದು ಮೀನು ಕೆಸರು ಕೆದಕಿ ಏನೋ ತಿನ್ನುತ್ತಿದೆ ಅಂತ ಪರ್ಚ್‌ಗೆ ಅನಿಸುವುದು ಇದರಿಂದಲೇ. ನೀರೊಳಗಿನ ಕ್ಯಾಮೆರಾ ಇಟ್ಟವರು ನೋಡಿದ್ದಾರೆ, ಮೊದಲು ಒಂದು ಪರ್ಚ್ ಬರುತ್ತದೆ, ಅದರ ಹಿಂದೆ ಅರ್ಧ ಡಜನ್. ಈಗ ಸ್ಪೂನನ್ನು ಕೆಸರಿನಿಂದ ಒಂದು ಅಡಿ ಮೇಲೆತ್ತಿ ಹಿಡಿದುಬಿಡಿ. ಐದು ಸೆಕೆಂಡ್, ಹತ್ತು ಸೆಕೆಂಡ್. ಸುಮ್ನೆ. ಕೋಲಿನ ತುದಿ ನಡುಗುವಷ್ಟು ಮಾತ್ರ ಅಲುಗಿಸಬಹುದು. ಕಚ್ಚುವುದು ಹೆಚ್ಚಾಗಿ ಆ ಹೊತ್ತಿನಲ್ಲೇ, ಅದೂ ಜಗ್ಗಿ ಎಳೆಯುವುದಲ್ಲ, ಕೋಲಿನ ತುದಿ ಒಂಚೂರು ಭಾರವಾದಂತೆ ಅನಿಸುತ್ತದೆ ಅಷ್ಟೇ.

ಸ್ಪೂನಿನ ಕೊಕ್ಕೆಗೆ ಸಣ್ಣ ಮಿನ್ನೋ ಮೀನಿನ ತಲೆಯನ್ನು ಮಾತ್ರ ಕಿತ್ತು ಸಿಕ್ಕಿಸುವುದು ಇಲ್ಲಿಯ ರೂಢಿ. ಇಡೀ ಮಿನ್ನೋ ಹಾಕಿದರೆ ಸ್ಪೂನು ಓಲಾಡುವುದಿಲ್ಲ.

ಇನ್ನೊಂದು ಮಾತು. ಮಿನ್ನೆಸೋಟಾದ ಒಳನಾಡು ಕೆರೆಗಳಲ್ಲಿ ಬೇಸಿಗೆಯಲ್ಲಿ ಒಬ್ಬರಿಗೆ ಒಂದೇ ಗಾಳ, ಐಸ್ ಮೇಲೆ ಎರಡು. ಎರಡನೆಯದನ್ನು ದಂಡ ಮಾಡಬೇಡಿ. ಏಳೆಂಟು ಅಡಿ ಪಕ್ಕದಲ್ಲಿ ಇನ್ನೊಂದು ತೂತು ಕೊರೆದು, ಬೆನ್ನಿನ ರೆಕ್ಕೆಯ ಕೆಳಗೆ ಕೊಕ್ಕೆ ಹಾಕಿದ ಜೀವಂತ ಮಿನ್ನೋವನ್ನು ತಳದಿಂದ ಒಂದಡಿ ಮೇಲೆ ಬಿಟ್ಟು ಮುಟ್ಟದೆ ಇಡಿ. ನಿಮ್ಮ ಸ್ಪೂನಿನ ಗಲಾಟೆ ಕೇಳಿ ಬಂದು, ಆದರೆ ಸ್ಪೂನನ್ನು ನಂಬದೆ ನಿಂತ ವಾಲೈ ಪಕ್ಕದಲ್ಲಿ ಒದ್ದಾಡುತ್ತಿರುವ ಮಿನ್ನೋವನ್ನು ತಿಂದು ಹೋಗುತ್ತದೆ. ಕರೆಯುವ ಗಾಳ ಒಂದು, ಹಿಡಿಯುವ ಗಾಳ ಇನ್ನೊಂದು. ತೂತಿನ ಹತ್ತಿರ ಮೀನು ಸೇರಿಸಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಪ್ರಶ್ನೆ (ಮಂಡ್ಯ ಮೂಲದ, ಈಗ ಸೇಂಟ್ ಪಾಲ್‌ನಲ್ಲಿರುವ ಓದುಗರು): ನಮ್ಮಲ್ಲಿ ಕಾವೇರಿಯಲ್ಲಿ ರಾಗಿ ಮುದ್ದೆಯನ್ನೇ ಕೊಕ್ಕೆಗೆ ಕಟ್ಟಿ ದೊಡ್ಡ ದೊಡ್ಡ ಮೀನು ಹಿಡಿಯುತ್ತಿದ್ದರು ಅಂತ ಅಪ್ಪ ಹೇಳುತ್ತಿದ್ದರು. ಇಲ್ಲಿ ತೂತಿನೊಳಗೆ ರಾಗಿ ಮುದ್ದೆ, ಜೋಳ, ಅನ್ನ ಏನಾದರೂ ಚೆಲ್ಲಿದರೆ ಮೀನು ಸೇರುವುದಿಲ್ಲವಾ?

ಉತ್ತರ: ಅಪ್ಪ ಹೇಳಿದ್ದು ನಿಜ. ಭೀಮೇಶ್ವರಿ, ಗಾಲಿಬೋರೆ ಕಡೆ ಮಹಶೀರ್ ಹಿಡಿಯಲು ಗಟ್ಟಿಯಾಗಿ ಬೇಯಿಸಿದ ರಾಗಿ ಉಂಡೆಯೇ ಆಗ ಹೆಸರುವಾಸಿ ಎರೆಯಾಗಿತ್ತು. ಹೊರದೇಶದ ಗಾಳಗಾರರೂ ಅಲ್ಲಿಗೆ ಬಂದು ರಾಗಿ ಉಂಡೆ ಕಟ್ಟುವುದನ್ನು ಕಲಿತು ಹೋಗಿದ್ದಾರೆ. ಆದರೆ ಮಹಶೀರ್ ಗೆಂಡೆಯ ಕುಲದ್ದು. ಕಾಯಿ, ಹಣ್ಣು, ಪಾಚಿ, ಏಡಿ, ಸಣ್ಣ ಮೀನು, ಎಲ್ಲವೂ ಅದಕ್ಕೆ ಊಟ. ವಾಲೈ, ಪೈಕ್, ಪರ್ಚ್, ಕ್ರಾಪಿ ಹಾಗಲ್ಲ, ಜೀವ ಇರುವುದನ್ನು ಬೇಟೆಯಾಡಿ ತಿನ್ನುವವು. ಅವುಗಳ ಮುಂದೆ ಮುದ್ದೆ ಇಟ್ಟರೆ ಅವು ಮುದ್ದೆಯ ಕಡೆ ತಿರುಗಿಯೂ ನೋಡುವುದಿಲ್ಲ. ಉಪಸಾರು ಜೊತೆಗಿದ್ದರೂ ಅಷ್ಟೇ.

ನೀವು ಕೇಳಿದ ಪದ್ಧತಿ ಇಲ್ಲದೇ ಇಲ್ಲ. ರಷ್ಯಾದಲ್ಲಿ ಐಸ್ ಗಾಳಗಾರರು ತಳ ತೆರೆದುಕೊಳ್ಳುವ ಒಂದು ಪುಟ್ಟ ಡಬ್ಬಿಯಲ್ಲಿ ಬ್ರೆಡ್ ಪುಡಿಯನ್ನೂ ಮೋಟಿಲ್ ಅನ್ನುವ ಕೆಂಪು ಹುಳುವನ್ನೂ ತುಂಬಿ ದಾರ ಕಟ್ಟಿ ಇಳಿಸುತ್ತಾರೆ. ಡಬ್ಬಿ ತಳ ಮುಟ್ಟಿದಾಗ ಬಾಯಿ ಬಿಚ್ಚಿ ಮೇವು ಅಲ್ಲೇ ಒಂದು ಕಡೆ ಚೆಲ್ಲುತ್ತದೆ. ಅದರ ಮೇಲೇ ಮೊರ್ಮಿಷ್ಕಾ ಅನ್ನುವ ಅಕ್ಕಿಕಾಳಿನಷ್ಟು ಸಣ್ಣ ಗಾಳವನ್ನು ನಡುಗಿಸುತ್ತಾ ಕೂರುತ್ತಾರೆ. ಅಲ್ಲಿ ಇದು ಫಲಿಸಲು ಕಾರಣ, ಅವರು ಹಿಡಿಯುವುದರಲ್ಲಿ ಬ್ರೀಮ್, ರೋಚ್‌ನಂಥ ಗೆಂಡೆ ಕುಲದ ಮೀನೇ ಜಾಸ್ತಿ. ಅವು ತಳ ಹೆಕ್ಕಿ ತಿನ್ನುವವು, ಮೇವು ಇದ್ದ ಕಡೆ ತುಂಬ ಹೊತ್ತು ನಿಲ್ಲುತ್ತವೆ.

ಅಮೆರಿಕ, ಕೆನಡಾದಲ್ಲಿ ನೀರಿಗೆ ಮೇವು ಚೆಲ್ಲುವ ವಿಷಯದಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ಕೆಲವು ಕಡೆ ಪೂರ್ತಿ ನಿಷೇಧ. ಲೈಸೆನ್ಸ್ ಜೊತೆ ಸಿಗುವ ನಿಯಮದ ಪುಸ್ತಕ ಓದದೆ ಏನನ್ನೂ ಸುರಿಯಬೇಡಿ. ಮಿನ್ನೆಸೋಟಾದಲ್ಲಿ ಒಂದು ಮಾತಂತೂ ಖಚಿತ: ಉಳಿದ ಎರೆಯನ್ನು, ಅದು ಜೀವಂತ ಮಿನ್ನೋ ಆಗಲಿ ಹುಳು ಆಗಲಿ, ಕೆರೆಗೆ ಬಿಡುವುದು ಕಾನೂನಿಗೆ ವಿರುದ್ಧ. ಕಸದ ಬುಟ್ಟಿಗೇ ಹಾಕಬೇಕು. ಮನೆಗೆ ಹೊರಡುವಾಗ ಮಿನ್ನೋ ಬಕೆಟ್ಟಿನಲ್ಲಿ ಕೆರೆಯ ನೀರೂ ಇರುವಂತಿಲ್ಲ. ಒಂದು ಕೆರೆಯ ಜೀವಿ ಇನ್ನೊಂದು ಕೆರೆಗೆ ಹೋಗಿ ಹಾವಳಿ ಎಬ್ಬಿಸಬಾರದು ಅಂತ.

ಪ್ರಶ್ನೆ (ತೀರ್ಥಹಳ್ಳಿಯಿಂದ, ನಿವೃತ್ತ ಶಿಕ್ಷಕರು): ಮಗನ ಮನೆಗೆಂದು ಮಿನಿಯಾಪೊಲಿಸ್‌ಗೆ ಬಂದಿದ್ದಾಗ ಕೆರೆಯ ಮೇಲೆ ಕಾರು ಓಡಾಡುವುದನ್ನು ಕಂಡೆ. ಅಷ್ಟು ಚಳಿಯಲ್ಲಿ ಕೆಳಗಿರುವ ಮೀನು ಸಾಯುವುದಿಲ್ಲವೇ? ತೂತಿನ ಬೆಳಕು ಕಂಡು ಉಸಿರಾಡಲು ತಾನಾಗಿಯೇ ಬರುವುದಿಲ್ಲವೇ?

ಉತ್ತರ: ಒಳ್ಳೆಯ ಪ್ರಶ್ನೆ ಮೇಷ್ಟ್ರೇ. ನೀರು ಅತಿ ಭಾರವಾಗಿರುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದಕ್ಕಿಂತ ತಣ್ಣಗಾದರೆ ಮತ್ತೆ ಹಗುರವಾಗಿ ಮೇಲೆ ಬರುತ್ತದೆ. ಹಾಗಾಗಿ ಕೆರೆ ಮೇಲಿನಿಂದ ಹೆಪ್ಪುಗಟ್ಟುತ್ತದೆ, ತಳದಲ್ಲಿ ನೀರು 4 ಡಿಗ್ರಿ ಆಸುಪಾಸಿನಲ್ಲೇ ಉಳಿಯುತ್ತದೆ. ಹೊರಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿದ್ದರೂ ಮೀನಿಗೆ ಅದರ ಪರಿವೆ ಇಲ್ಲ. ನಡುಗುವುದು ನಾವು ಮಾತ್ರ.

ಉಸಿರಿನ ಮಾತು ಬೇರೆ. ಮೀನು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನೇ ಉಸಿರಾಡುತ್ತದೆ. ಎಂಟು ಇಂಚಿನ ತೂತಿನಿಂದ ಒಂದು ಕೆರೆಗೆ ಸೇರುವ ಗಾಳಿ ಲೆಕ್ಕಕ್ಕೇ ಇಲ್ಲ, ಅದಕ್ಕಾಗಿ ಅದು ತೂತಿಗೆ ಬರುವುದಿಲ್ಲ. ಆದರೆ ಆಳವಿಲ್ಲದ ಕೆರೆಗಳಲ್ಲಿ ಐಸಿನ ಮೇಲೆ ದಪ್ಪ ಹಿಮ ಕೂತು ಬೆಳಕು ನಿಂತುಹೋದರೆ ಒಳಗಿನ ಗಿಡ ಆಮ್ಲಜನಕ ತಯಾರಿಸುವುದಿಲ್ಲ, ಸತ್ತ ಗಿಡ ಕೊಳೆಯುತ್ತಾ ಇರುವುದನ್ನೂ ಮುಗಿಸುತ್ತದೆ. ಕೆಲವು ವರ್ಷ ವಸಂತದಲ್ಲಿ ಐಸ್ ಕರಗಿದಾಗ ಮೀನು ರಾಶಿ ರಾಶಿ ಸತ್ತು ತೇಲುವುದು ಇದರಿಂದ. ಗಾಳ ಹಾಕುವವರಿಗೂ ಇದರಲ್ಲಿ ಪಾಠವಿದೆ. ತಳದ ಆಮ್ಲಜನಕ ಮೊದಲು ಮುಗಿಯುವುದರಿಂದ ಚಳಿಗಾಲದ ಕೊನೆಗೆ ಮೀನು ತಳ ಬಿಟ್ಟು ಮೇಲೇರಿರುತ್ತದೆ, ಮಾರ್ಚ್‌ನಲ್ಲಿ ಹಿಮ ಕರಗಿದ ನೀರು ಹರಿದು ಸೇರುವ ಕಡೆಗೆ ಬಂದು ನಿಲ್ಲುತ್ತದೆ. ಡಿಸೆಂಬರ್‌ನಲ್ಲಿ ಸಿಕ್ಕ ಜಾಗದಲ್ಲೇ ಮಾರ್ಚ್‌ನಲ್ಲೂ ಕೂತರೆ ಕೂತದ್ದೇ ಬಂತು.

ಪ್ರಶ್ನೆ (ವುಡ್‌ಬರಿಯಿಂದ): ಫ್ಲಾಷರ್ ಅನ್ನುವ ಯಂತ್ರದಲ್ಲಿ ಮೀನು ಬಂದದ್ದು ಕಾಣುತ್ತದೆ. ಹತ್ತಿರ ಬರುತ್ತದೆ, ಎರೆ ನೋಡುತ್ತದೆ, ಹೊರಟುಹೋಗುತ್ತದೆ. ಹೊಟ್ಟೆ ಉರಿಯುತ್ತದೆ ಸರ್. ಏನು ಮಾಡಲಿ?

ಉತ್ತರ: ನಿಮ್ಮದು ಅರ್ಧ ಗೆದ್ದ ಕಥೆ. ಯಂತ್ರ ನೋಡದವರಿಗಾಗಿ ಮೊದಲು ಸ್ವಲ್ಪ ಹೇಳುತ್ತೇನೆ. ತೂತಿನಲ್ಲಿ ಒಂದು ಬುರುಡೆ ಇಳಿಬಿಟ್ಟರೆ ಅದು ಸದ್ದಿನ ಅಲೆ ಕಳಿಸಿ ವಾಪಸ್ ಬಂದದ್ದನ್ನು ದುಂಡನೆಯ ಮುಖದ ಮೇಲೆ ಬಣ್ಣದ ಗೆರೆಯಾಗಿ ತೋರಿಸುತ್ತದೆ. ತಳ ದಪ್ಪ ಗೆರೆ, ನಿಮ್ಮ ಸ್ಪೂನು ತೆಳು ಗೆರೆ. ಮೀನು ಅಂಚಿನಲ್ಲಿದ್ದರೆ ಹಸಿರು, ತೂತಿನ ನೇರ ಕೆಳಗೆ ಬಂದರೆ ಕೆಂಪು. ಮಿನ್ನೆಸೋಟಾದ್ದೇ ವೆಕ್ಸಿಲಾರ್ ಕಂಪನಿಯ ಫ್ಲಾಷರುಗಳೂ, ಡೇವ್ ಗೆಂಜ್ ಅನ್ನುವ ಗಾಳಗಾರ ಮಾಡಿದ ಎಳೆದುಕೊಂಡು ಹೋಗುವ ಫಿಶ್ ಟ್ರ್ಯಾಪ್ ಡೇರೆಯೂ ಸೇರಿ ಇಲ್ಲಿ ಒಂದೇ ಕಡೆ ಕೂರುವ ಅಭ್ಯಾಸವನ್ನೇ ಬದಲಿಸಿಬಿಟ್ಟವು. ಒಂದು ಎಚ್ಚರ ಇರಲಿ. ಯಂತ್ರ ನೋಡುವುದು ಬಹಳ ಸಣ್ಣ ಜಾಗವನ್ನು. 20 ಡಿಗ್ರಿ ಕೋನದ ಬುರುಡೆಗೆ 20 ಅಡಿ ಆಳದಲ್ಲಿ ಕಾಣುವುದು ಸುಮಾರು 7 ಅಡಿ ಅಗಲದ ವೃತ್ತ ಮಾತ್ರ. ಎಂಟನೇ ಅಡಿಯಲ್ಲಿ ಹಿಂಡೇ ನಿಂತಿರಬಹುದು.

ಈಗ ನಿಮ್ಮ ಮೀನು. ಹಸಿರು ಗೆರೆ ಕಂಡ ಕೂಡಲೇ ಕುಣಿಸುವುದನ್ನು ಕಡಿಮೆ ಮಾಡಿ. ಬಹಳ ಜನ ಮೀನು ಬಂದದ್ದೇ ಖುಷಿಯಲ್ಲಿ ಇನ್ನೂ ಜೋರಾಗಿ ಕುಣಿಸುತ್ತಾರೆ. ಎರೆಯನ್ನು ಯಾವಾಗಲೂ ಮೀನಿಗಿಂತ ಸ್ವಲ್ಪ ಮೇಲೆ ಇಡಿ, ಕೆಳಗೆ ಇಳಿಸಬೇಡಿ. ಇವು ಮೇಲಕ್ಕೆ ನೋಡಿ ಬೇಟೆಯಾಡುವುದೇ ಜಾಸ್ತಿ. ಸ್ಪೂನಿನ ಕೆಳಗೆ ಬಂದು ನಿಂತಾಗ ನಿಧಾನವಾಗಿ ಅರ್ಧ ಅಡಿ ಮೇಲೆತ್ತಿ. ಹಿಂದೆ ಬಂತಾ? ಇನ್ನರ್ಧ ಅಡಿ. ಹಿಂಬಾಲಿಸಿ ಮೇಲೇರುತ್ತಿರುವ ಮೀನು ಮನಸ್ಸು ಮಾಡಿದೆ ಅಂತ ಅರ್ಥ, ಅಲ್ಲಿ ಒಂದು ಕ್ಷಣ ನಿಲ್ಲಿಸಿದರೆ ಕಚ್ಚುತ್ತದೆ. ಹಿಂಬಾಲಿಸದೆ ನಿಂತಲ್ಲೇ ನಿಂತರೆ ನೀವೂ ನಿಲ್ಲಿ, ಕೋಲಿನ ತುದಿಯನ್ನು ಮಾತ್ರ ನಡುಗಿಸಿ. ಅದೂ ಆಗದಿದ್ದರೆ ಎರೆ ಸಣ್ಣದು ಮಾಡಿ. ಬ್ಲೂಗಿಲ್, ಕ್ರಾಪಿಗೆ ಎರಡರಿಂದ ನಾಲ್ಕು ಪೌಂಡ್ ಭಾರ ತಡೆಯುವ ತೆಳು ದಾರ, ಬಟಾಣಿಗಿಂತ ಸಣ್ಣ ಟಂಗ್‌ಸ್ಟನ್ ಜಿಗ್, ಅಂದರೆ ಲೋಹದ ತಲೆ ಇರುವ ಕೊಕ್ಕೆ, ಅದಕ್ಕೊಂದು ವ್ಯಾಕ್ಸ್‌ವರ್ಮ್ ಹುಳು ಸಾಕು. ಟಂಗ್‌ಸ್ಟನ್ ಸೀಸಕ್ಕಿಂತ ತೂಕ, ಸಣ್ಣದಿದ್ದರೂ ಬೇಗ ಇಳಿಯುತ್ತದೆ. ಹಿಂಡು ತಿರುಗಿ ಹೋಗುವ ಮೊದಲು ಎರೆ ಮತ್ತೆ ಅದರ ಮುಂದೆ ಹೋಗಬೇಕಲ್ವಾ.

ದಾರ ಸುರುಳಿ ಸುತ್ತಿಕೊಂಡು ಜಿಗ್ ಗಿರಗಿರ ತಿರುಗುತ್ತಿದ್ದರೂ ಬ್ಲೂಗಿಲ್ ಮುಟ್ಟುವುದಿಲ್ಲ. ಆಳ ಕಡಿಮೆ ಇರುವ ಕಡೆ ತೂತಿಗೆ ಬಗ್ಗಿ ನೋಡಿ, ತಿರುಗುತ್ತಿದ್ದರೆ ಬೆರಳಿನಿಂದ ದಾರ ಹಿಡಿದು ನಿಲ್ಲಿಸಿ.

ಒಂದು ಕಿವಿಮಾತು. ಮೂವತ್ತು ಅಡಿಗಿಂತ ಆಳದಿಂದ ಎಳೆದ ಕ್ರಾಪಿಯ ಗಾಳಿಚೀಲ ಮೇಲೆ ಬರುವಾಗ ಉಬ್ಬಿಬಿಡುತ್ತದೆ. ವಾಪಸ್ ಬಿಟ್ಟರೂ ಅನೇಕವು ಬದುಕುವುದಿಲ್ಲ. ಆಳದ ಗುಂಡಿಯಲ್ಲಿ ಮನೆಗೆ ಬೇಕಾದಷ್ಟು ಹಿಡಿದು ನಿಲ್ಲಿಸಿ. ಹಿಡಿದು ಬಿಡುವ ಆಟ ಅಲ್ಲಿ ಬೇಡ.

ಪ್ರಶ್ನೆ (ಟೊರೊಂಟೊದಿಂದ): ನಾವು ಹೋಗುವುದು ಲೇಕ್ ಸಿಮ್ಕೋಗೆ. ಲೇಕ್ ಟ್ರೌಟ್‌ಗೂ ಹೀಗೇ ನಿಧಾನ ಮಾಡಬೇಕಾ?

ಉತ್ತರ: ಇಲ್ಲ, ಉಲ್ಟಾ. ಲೇಕ್ ಟ್ರೌಟ್ ತಣ್ಣೀರಿನದೇ ಮೀನು, ಚಳಿಗಾಲದಲ್ಲೂ ಚುರುಕು. ದೊಡ್ಡ ಬಿಳಿ ಟ್ಯೂಬ್ ಜಿಗ್, ಅಂದರೆ ಮೆತ್ತನೆಯ ಕೊಳವೆಯಂಥ ಹುಸಿ ಎರೆ, ಇಳಿಸಿ. ಮೀನು ಕಂಡ ಕೂಡಲೇ ರೀಲನ್ನು ಜೋರಾಗಿ ಸುತ್ತಿ ಮೇಲಕ್ಕೆ ಓಡಿಸಿ. ಓಡುವುದನ್ನು ಕಂಡರೆ ಅಟ್ಟಿಸಿಕೊಂಡು ಬರುತ್ತದೆ. ನಿಲ್ಲಿಸಿದರೆ ಅನುಮಾನ ಪಡುತ್ತದೆ.

ಪ್ರಶ್ನೆ (ರಾಚೆಸ್ಟರ್‌ನಿಂದ): ರಾತ್ರಿ ತೂತಿನ ಮೇಲೆ ದೀಪ ಇಟ್ಟರೆ ಮೀನು ಬರುತ್ತದೆಯೆಂದು ಒಬ್ಬರು ಹೇಳಿದರು. ಹೌದಾ?

ಉತ್ತರ: ಕ್ರಾಪಿಯ ಮಟ್ಟಿಗೆ ಹೌದು, ಆದರೆ ಅದು ದೀಪಕ್ಕೆ ನೇರವಾಗಿ ಬರುವುದಲ್ಲ. ಬೆಳಕಿಗೆ ಮೊದಲು ಕಣ್ಣಿಗೆ ಕಾಣದಷ್ಟು ಸಣ್ಣ ನೀರುಜೀವಿಗಳು ಸೇರುತ್ತವೆ. ಅವನ್ನು ತಿನ್ನಲು ಸಣ್ಣ ಮೀನು, ಅವುಗಳ ಹಿಂದೆ ಕ್ರಾಪಿ. ಇದಕ್ಕೆಲ್ಲ ಹೊತ್ತು ಹಿಡಿಯುತ್ತದೆ, ದೀಪ ಹಚ್ಚಿದ ಹತ್ತು ನಿಮಿಷಕ್ಕೆ ಫಲ ಕೇಳಬೇಡಿ. ಆದರೆ ನೀರಿನೊಳಗೆ ಮುಳುಗಿಸುವ ಹಸಿರು ದೀಪದ ಮೇಲೆ ಹಲವು ಕಡೆ ನಿರ್ಬಂಧ ಇದೆ, ನಿಮ್ಮ ರಾಜ್ಯದ ಪುಸ್ತಕ ನೋಡಿಯೇ ಕೊಳ್ಳಿ. ನಿರಪಾಯದ ದಾರಿ ಅಂದರೆ ಕತ್ತಲಲ್ಲಿ ಮಿನುಗುವ ಬಣ್ಣದ ಜಿಗ್. ಅದಕ್ಕೆ ಟಾರ್ಚಿನ ಬೆಳಕು ಹಿಡಿದು ಬಿಟ್ಟರೆ ಸ್ವಲ್ಪ ಹೊತ್ತು ತಾನೇ ಹೊಳೆಯುತ್ತದೆ. ಫೆಬ್ರವರಿ ರಾತ್ರಿ ಬರ್ಬಟ್ ಹಿಡಿಯುವವರು ಇದನ್ನೇ ನಂಬಿದ್ದಾರೆ. ಹಾವಿನಂತೆ ಸುತ್ತಿಕೊಳ್ಳುವ ಆ ಲೋಳೆ ಮೀನು ಐಸಿನ ಕೆಳಗೇ, ಕೊರೆಯುವ ಚಳಿಯಲ್ಲೇ ಮೊಟ್ಟೆಯಿಡುತ್ತದೆ. ಹೊಳೆಯುವ ಜಿಗ್ಗಿಗೆ ಮಿನ್ನೋ ತುಂಡು ಸಿಕ್ಕಿಸಿ ತಳ ಕುಟ್ಟಿದರೆ ಹುಡುಕಿಕೊಂಡು ಬರುತ್ತದೆ.

ಪ್ರಶ್ನೆ (ಈಡನ್ ಪ್ರೇರಿಯಿಂದ): ಮಕ್ಕಳು ಐಸ್ ಮೇಲೆ ಓಡಿದರೆ, ಹಾಡು ಹಾಕಿದರೆ ಮೀನು ಹೆದರಿ ಹೋಗುತ್ತದೆಯೆಂದು ಗಂಡ ಬೈಯುತ್ತಾರೆ. ಯಾರು ಸರಿ?

ಉತ್ತರ: ಆಳ ನೋಡಿ ತೀರ್ಪು. ಆರೇಳು ಅಡಿ ನೀರು, ಗಾಜಿನಂಥ ತಿಳಿ ಐಸ್, ಮೇಲೆ ಹಿಮ ಇಲ್ಲ ಅಂದರೆ ನಿಮ್ಮ ಗಂಡ ಸರಿ. ಹೆಜ್ಜೆಯ ಸದ್ದು ಕೆಳಗೆ ಮುಟ್ಟುತ್ತದೆ, ನೆರಳೂ ಕಾಣುತ್ತದೆ. ಅಂಥ ಕಡೆ ಬೇಕಾದ ತೂತುಗಳನ್ನೆಲ್ಲ ಬಂದ ಕೂಡಲೇ ಕೊರೆದು ಮುಗಿಸಿ, ಅರ್ಧ ಗಂಟೆ ಬಿಟ್ಟು ಗಾಳ ಹಾಕಿ. ತೂತಿನಿಂದ ಬೀಳುವ ಬೆಳಕಿನ ಕಂಬಕ್ಕೂ ಮೀನು ಅಂಜುತ್ತದೆ, ಐಸ್ ಪುಡಿಯನ್ನು ಪೂರ್ತಿ ತೆಗೆಯದೆ ದಾರ ಇಳಿಯುವಷ್ಟು ಮಾತ್ರ ಬಿಡಿಸಿಕೊಳ್ಳಿ. ಪುಡಿ ತೆಗೆಯಲು ದುಡ್ಡು ಕೊಟ್ಟು ಏನೂ ತರಬೇಕಿಲ್ಲ, ಅಡುಗೆಮನೆಯ ಹಳೇ ಜಾಲರಿ ಸಟ್ಟುಗ ಸಾಕು.

ಇಪ್ಪತ್ತೈದು ಅಡಿ ಆಳ, ಮೇಲೆ ಅರ್ಧ ಅಡಿ ಹಿಮ ಇದ್ದರೆ ಮಕ್ಕಳು ಓಡಲಿ ಬಿಡಿ. ಐಸ್ ತಾನೇ ದಿನವಿಡೀ ಗುಡುಗುಟ್ಟುತ್ತಾ ಬಿರಿಯುತ್ತಾ ಇರುತ್ತದೆ, ಮೀನು ಅದಕ್ಕೆ ಒಗ್ಗಿಹೋಗಿದೆ. ಬ್ರೇನರ್ಡ್ ಪಕ್ಕದ ಗಲ್ ಲೇಕ್‌ನಲ್ಲಿ ಪ್ರತಿ ಚಳಿಗಾಲ ನಡೆಯುವ ದೊಡ್ಡ ಸ್ಪರ್ಧೆಯಲ್ಲಿ ಸಾವಿರಾರು ಜನ ಒಂದೇ ಕಡೆ ಕೂತು ಗಾಳ ಹಾಕುತ್ತಾರೆ. ಅಷ್ಟು ಸಂತೆಯಲ್ಲೂ ಯಾರೋ ಒಬ್ಬರಿಗೆ ಮೀನು ಸಿಕ್ಕೇ ಸಿಗುತ್ತದೆ.

ಪ್ರಶ್ನೆ (ಡುಲೂತ್‌ನಿಂದ): ಒಂದು ಕಪ್ಪು ಗುಡಿಸಲು ಕಂಡೆ, ಒಳಗೆ ಕಿಟಕಿಯಿಲ್ಲ. ನೆಲದಲ್ಲಿ ಎರಡು ಮೂರು ಅಡಿಯ ಚೌಕದ ತೂತು, ಒಬ್ಬರು ಮರದ ಆಟಿಕೆ ಮೀನು ಆಡಿಸುತ್ತಿದ್ದರು. ಅದೇನು?

ಉತ್ತರ: ಅದು ಭರ್ಜಿ ಬೇಟೆ. ಮೀನನ್ನು ಹತ್ತಿರ ಕರೆಯುವ ವಿದ್ಯೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಗುಡಿಸಲಲ್ಲಿ ಕತ್ತಲಿದ್ದರೆ ಹೊರಗಿನ ಬೆಳಕು ಐಸಿನ ಮೂಲಕ ನೀರಿಗಿಳಿದು ತೂತಿನ ಕೆಳಗೆಲ್ಲ ತಿಳಿಹಸಿರಾಗಿ ಹೊಳೆಯುತ್ತದೆ. ತಳದ ಕಲ್ಲು ಕಡ್ಡಿಗಳೂ ಎಣಿಸುವಂತೆ ಕಾಣುತ್ತವೆ. ಮರದ ಮೀನಿಗೆ ತಗಡಿನ ರೆಕ್ಕೆ, ಹೊಟ್ಟೆಯೊಳಗೆ ಸೀಸ. ದಾರ ಸ್ವಲ್ಪ ಎಳೆದರೆ ಸುತ್ತು ಹಾಕುತ್ತಾ ಈಜುತ್ತದೆ. ಪೈಕ್ ಅದನ್ನು ನೋಡಲು ಬರುತ್ತದೆ, ಕೆಲವೊಮ್ಮೆ ಸದ್ದಿಲ್ಲದೆ ಬಂದು ಪಕ್ಕದಲ್ಲಿ ನಿಂತುಬಿಟ್ಟಿರುತ್ತದೆ. ಅದು ತಳದ ಕಪ್ಪಿನಲ್ಲಿ ಕರಗಿಹೋಗದಿರಲೆಂದು ಕೆಳಗೆ ಮೊಟ್ಟೆಯ ಚಿಪ್ಪು ಚೆಲ್ಲುವವರಿದ್ದಾರೆ, ಬಿಳಿಯ ಮೇಲೆ ಮೀನಿನ ಬೆನ್ನು ಎದ್ದು ಕಾಣಲಿ ಅಂತ. ಇಲ್ಲಿಯ ಮೂಲನಿವಾಸಿಗಳಾದ ಓಜಿಬ್ವೆ ಜನ ಇಂಥ ಮರದ ಮೀನುಗಳನ್ನು ತಲೆಮಾರುಗಳಿಂದ ಕೆತ್ತುತ್ತಾ ಬಂದಿದ್ದಾರೆ, ಹಳೆಯವು ಈಗ ಸಂಗ್ರಹಕಾರರ ಕೈ ಸೇರಿವೆ. ವಿಸ್ಕಾನ್ಸಿನ್‌ನ ಲೇಕ್ ವಿನ್ನೆಬೇಗೋದಲ್ಲಿ ಫೆಬ್ರವರಿಯಲ್ಲಿ ಇದೇ ರೀತಿ ಆಳೆತ್ತರದ ಸ್ಟರ್ಜನ್ ಮೀನಿಗೆ ಕಾಯುತ್ತಾರೆ. ಅಲ್ಲಿ ಇಂತಿಷ್ಟು ಹಿಡಿದ ಮೇಲೆ ಬೇಟೆ ಬಂದ್. ಎರಡಕ್ಕೂ ಬೇರೆ ಲೈಸೆನ್ಸ್ ಬೇಕು, ಸುಮ್ನೆ ಭರ್ಜಿ ಹಿಡಿದು ಹೊರಡಬೇಡಿ.

ಪ್ರಶ್ನೆ (ಹೆಸರು ಬೇಡವೆಂದ ಓದುಗರು): ನಮ್ಮ ಮನೆಯವರು ಮೊದಲ ಐಸಿಗೇ ಮೀನು ಚೆನ್ನಾಗಿ ಸಿಗುತ್ತದೆಯೆಂದು ಡಿಸೆಂಬರ್ ಶುರುವಿನಲ್ಲೇ ಒಬ್ಬರೇ ಹೊರಡುತ್ತಾರೆ. ಎಷ್ಟು ದಪ್ಪ ಇದ್ದರೆ ಸರಿ?

ಉತ್ತರ: ಮೀನು ಸಿಗುತ್ತದೆ ಅನ್ನುವುದು ನಿಜ. ಒಬ್ಬರೇ ಹೋಗುವುದು ತಪ್ಪು. ತಿಳಿಯಾದ ಹೊಸ ಐಸ್ ನಡೆಯಲು ಕನಿಷ್ಠ 4 ಇಂಚು ಇರಬೇಕು ಅನ್ನುತ್ತದೆ ಡಿಎನ್‌ಆರ್. ಬೆಳ್ಳಗಿನ ಐಸಿಗೆ ಬಲ ಕಡಿಮೆ, ಅದರ ಎರಡರಷ್ಟು ಬೇಕು. ಒಂದೇ ಕೆರೆಯಲ್ಲಿ ಇಲ್ಲಿ ಆರು ಇಂಚು, ಹತ್ತು ಹೆಜ್ಜೆ ಆಚೆ ಎರಡು ಇಂಚು ಇರಬಹುದು. ತೊರೆ ಸೇರುವ ಕಡೆ ಇನ್ನೂ ತೆಳು. ಕೈಯಲ್ಲಿ ಹಾರೆ ಹಿಡಿದು ಮುಂದೆ ಕುಟ್ಟಿ ನೋಡುತ್ತಾ ನಡೆಯಲಿ, ಲೈಫ್ ಜಾಕೆಟ್ ಹಾಕಲಿ, ಕೊರಳಿಗೆ ಐಸ್ ಚುಚ್ಚಿ ಮೇಲೇರುವ ಜೋಡಿ ಮೊಳೆಹಿಡಿ ಇರಲಿ. ಈ ಮೂರೂ ಇಲ್ಲದೆ ಕಾರಿನ ಕೀಲಿ ಕೊಡಬೇಡಿ.

ಪ್ರಶ್ನೆ (ಬ್ಲೂಮಿಂಗ್‌ಟನ್‌ನಿಂದ): ಎಂಟು ಮತ್ತು ಹನ್ನೊಂದು ವರ್ಷದ ಮಕ್ಕಳನ್ನು ಮೊದಲ ಸಲ ಕರೆದುಕೊಂಡು ಹೋಗಬೇಕು. ಬೇಗ ಮೀನು ಸಿಗದಿದ್ದರೆ ಇನ್ನೊಮ್ಮೆ ಬರುವುದಿಲ್ಲ ಅಂತ ಈಗಲೇ ಹೇಳಿದ್ದಾರೆ.

ಉತ್ತರ: ವಾಲೈ ಆಸೆ ಬಿಡಿ, ಬ್ಲೂಗಿಲ್ ಮತ್ತು ಪರ್ಚ್ ಹಿಂದೆ ಹೋಗಿ. ಜನವರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ರಜೆಯ ವಾರಾಂತ್ಯದಲ್ಲಿ ಮಿನ್ನೆಸೋಟಾದಲ್ಲಿ 15 ವರ್ಷ ಅಥವಾ ಅದಕ್ಕಿಂತ ಕಿರಿಯ ಮಕ್ಕಳ ಜೊತೆ ಹೋದ ರಾಜ್ಯದ ನಿವಾಸಿ ಹಿರಿಯರಿಗೂ ಲೈಸೆನ್ಸ್ ಬೇಕಿಲ್ಲ, ಆಗ ಹೋಗಿ. ಹಸಿರು ಗಿಡದ ಅಂಚಿನಲ್ಲಿ ಎಂಟು ಹತ್ತು ಅಡಿ ಆಳದಲ್ಲಿ ತೂತು ಕೊರೆದುಕೊಂಡು, ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗುತ್ತಿರಿ. ಮಕ್ಕಳಿಗೂ ಕೂರುವುದಕ್ಕಿಂತ ಅದೇ ಇಷ್ಟ. ಮಧ್ಯಾಹ್ನ ಹೋದರೆ ಸಾಕು, ಬ್ಲೂಗಿಲ್ ಹಗಲಲ್ಲೇ ತಿನ್ನುತ್ತದೆ. ಹುಳುವಿನ ಡಬ್ಬಿಯನ್ನು ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಳ್ಳಿ, ಐಸ್ ಮೇಲೆ ಇಟ್ಟರೆ ಹುಳು ಹೆಪ್ಪುಗಟ್ಟಿ ಕಲ್ಲಾಗುತ್ತದೆ. ಮುಚ್ಚಳ ಭದ್ರವಾಗಿದೆಯಾ ಅಂತ ಎರಡೆರಡು ಸಲ ನೋಡಿ.